ಹಳದಿ ದೀಪದ ದೂರು

ಓದಲೆಂದು ಅಮೆರಿಕಕ್ಕೆ ಹೋದ ನಮ್ಮ ಹುಡುಗ ಹುಡುಗಿಯರಿಗೆ ಕೆಲವೇ ವಾರಗಳಲ್ಲಿ ತಿಳಿದುಬರುವ ಸಂಗತಿಯೊಂದಿದೆ. ಅಲ್ಲಿನ ಬಹಳಷ್ಟು ಊರುಗಳಲ್ಲಿ ಬಸ್ಸನ್ನು ನೆಚ್ಚಿಕೊಂಡು ಬದುಕುವುದು ಕಷ್ಟ. ಹಾಗಾಗಿ ನಾಲ್ಕೈದು ಮಂದಿ ದುಡ್ಡು ಸೇರಿಸಿ ಹಳೆಯ ಗಾಡಿಯೊಂದನ್ನು ಕೊಳ್ಳುವುದುಂಟು. ಏಳು ಜನ ಹಿಡಿಸುವ, ಅಕ್ಕಿ ಮೂಟೆಯಿಂದ ಹಾಸಿಗೆಯವರೆಗೆ ಎಲ್ಲವನ್ನೂ ತುಂಬಬಹುದಾದ ಮಿನಿವ್ಯಾನ್ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಎಲ್ಲವೂ ಚೆನ್ನಾಗಿರುವಾಗ ಒಂದು ದಿನ ಡ್ಯಾಷ್‌ಬೋರ್ಡಿನಲ್ಲಿ ‘ಚೆಕ್ ಎಂಜಿನ್’ ಎಂಬ ಹಳದಿ ದೀಪ ಹತ್ತಿಕೊಳ್ಳುತ್ತದೆ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಫೋನು ಬರುತ್ತದೆ: ‘ಗಾಡಿ ಕೆಟ್ಟಿದೆ, ಸ್ವಲ್ಪ ದುಡ್ಡು ಬೇಕು.’

ಎಷ್ಟು ದುಡ್ಡು? ಅದು ಆ ದೀಪ ಹೇಳುತ್ತಿರುವುದನ್ನು ಸರಿಯಾಗಿ ಓದಿಕೊಂಡೆವೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಅನೇಕರು ಮಾಡುವ ತಪ್ಪು ಒಂದೇ. ದೀಪ ಯಾವ ಸೆನ್ಸರಿನ ಹೆಸರು ಹೇಳಿತೋ ಅದನ್ನೇ ಕಿತ್ತು ಹೊಸದು ಹಾಕಿಸುತ್ತಾರೆ. ವಾರ ಕಳೆಯುವಷ್ಟರಲ್ಲಿ ದೀಪ ಮತ್ತೆ ಹಾಜರು!

ಅಮೆರಿಕದಲ್ಲಿ ಮಿನಿವ್ಯಾನನ್ನು ಮನೆಮಾತಾಗಿಸಿದ್ದು ಕ್ರೈಸ್ಲರ್ ಕಂಪನಿ. 1984ರ ಮಾದರಿಯಾಗಿ ಬಂದ ಅದರ ಡಾಜ್ ಕ್ಯಾರವಾನ್ ಮತ್ತು ಪ್ಲಿಮತ್ ವಾಯೇಜರ್ ವ್ಯಾನುಗಳ ಸಂತತಿ ಬಹಳ ಕಾಲ ಬಾಳಿತು. ಇಲ್ಲಿ ಉದಾಹರಣೆಗೆ ಆ ಮನೆತನದ ಹಳೆಯ ಗಾಡಿಗಳನ್ನೇ ಇಟ್ಟುಕೊಳ್ಳೋಣ. ತತ್ವ ಮಾತ್ರ ಎಲ್ಲೆಡೆ ಒಂದೇ. ನಮ್ಮೂರಿನಲ್ಲಿ ಶಾಲೆಯ ಮಕ್ಕಳನ್ನು ತುಂಬಿಕೊಂಡು ಓಡುವ ಮಾರುತಿ ಓಮ್ನಿಯೂ (ಅದರ ತಯಾರಿಕೆ 2019ರಲ್ಲಿ ನಿಂತಿತು) ಕಾರ್ಬ್ಯುರೇಟರ್ ಬಿಟ್ಟು ಎಂಪಿಎಫ್‌ಐ ಆದ ಮೇಲೆ ಇಂಥ ಸೆನ್ಸರುಗಳನ್ನೇ ನಂಬಿಕೊಂಡಿತು.

ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಕೊಡಬೇಕು, ಕಿಡಿ ಯಾವಾಗ ಹಾರಬೇಕು ಎಂದು ನಿರ್ಧರಿಸುವುದು ಒಂದು ಪುಟ್ಟ ಕಂಪ್ಯೂಟರ್. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಸೆನ್ಸರುಗಳು ತಂತಿಯ ಮೂಲಕ ಕಳಿಸುವ ವೋಲ್ಟೇಜೇ ಅದರ ಲೋಕ. ಆ ವೋಲ್ಟೇಜು ಅಸಂಬದ್ಧವೆನಿಸಿದರೆ ದೀಪ ಹತ್ತಿಸಿ, ಒಂದು ಸಂಕೇತವನ್ನು ನೆನಪಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. 1996ರ ಮಾದರಿಯಿಂದ ಈಚಿನ ಅಮೆರಿಕದ ಎಲ್ಲ ಕಾರುಗಳಲ್ಲೂ ಡ್ಯಾಷ್‌ಬೋರ್ಡಿನ ಕೆಳಗೆ 16 ಪಿನ್ನಿನ ಒಂದೇ ತೆರನಾದ ಸಾಕೆಟ್ ಇರುತ್ತದೆ. ಚಿಕ್ಕ ಸ್ಕ್ಯಾನರ್ ಚುಚ್ಚಿದರೆ ಸಂಕೇತ ಸಿಗುತ್ತದೆ. 1990ರ ದಶಕದ ಹಲವು ಕ್ರೈಸ್ಲರ್ ವ್ಯಾನುಗಳಲ್ಲಿ ಸ್ಕ್ಯಾನರೂ ಬೇಡ. ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಐದು ಸೆಕೆಂಡಿನೊಳಗೆ ಆನ್, ಆಫ್, ಆನ್, ಆಫ್, ಆನ್ ಮಾಡಿದರೆ ದೀಪವೇ ಮಿನುಗಿ ಲೆಕ್ಕ ಹೇಳುತ್ತದೆ. ಎರಡು ಬಾರಿ ಮಿನುಗಿ, ತಡೆದು, ಮತ್ತೆರಡು ಬಾರಿ ಮಿನುಗಿದರೆ 22. ಅಂದರೆ ಕೂಲಂಟ್ ಉಷ್ಣತೆಯ ಸೆನ್ಸರಿನ ತಕರಾರು. 55 ಬಂದರೆ ಪಟ್ಟಿ ಮುಗಿಯಿತು ಎಂದರ್ಥ.

ಗಮನಿಸಿ, ‘ಸೆನ್ಸರ್ ಕೆಟ್ಟಿದೆ’ ಎಂದು ಅದು ಹೇಳಲಿಲ್ಲ. ‘ಆ ದಾರಿಯಲ್ಲಿ ಬರುವ ಸುದ್ದಿ ಸರಿಯಿಲ್ಲ’ ಎಂದಷ್ಟೇ ಹೇಳಿತು. ಸೆನ್ಸರ್ ಕೆಟ್ಟಿರಬಹುದು, ತಂತಿ ಹರಿದಿರಬಹುದು, ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿದಿರಬಹುದು.

ಪಿಯುಸಿ ಪಾಠ, ಎಂಜಿನ್ನಿನಲ್ಲಿ

ಈ ಕೂಲಂಟ್ ಸೆನ್ಸರ್ ಒಂದು ಥರ್ಮಿಸ್ಟರ್. ತಾಮ್ರದ ತಂತಿ ಬಿಸಿಯಾದರೆ ಅದರ ರೋಧ ಹೆಚ್ಚುತ್ತದೆ. ಅರೆವಾಹಕದಿಂದಾದ ಇದರದು ಇಳಿಯುತ್ತದೆ. ಈ ಕ್ರೈಸ್ಲರ್ ವ್ಯಾನುಗಳಲ್ಲಿ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 7,000ದಿಂದ 13,000 ಓಮ್ ಇದ್ದದ್ದು, 93 ಡಿಗ್ರಿಯಲ್ಲಿ 700ರಿಂದ 1,000 ಓಮಿಗೆ ಇಳಿಯಬೇಕು. ಬಿಚ್ಚಿದ ಸೆನ್ಸರನ್ನು ತೊಳೆದು, ನೀರಿನಲ್ಲಿ ತೂಗುಬಿಟ್ಟು, ಪಕ್ಕದಲ್ಲೊಂದು ಥರ್ಮಾಮೀಟರ್ ಇಟ್ಟು ಕಾಯಿಸುತ್ತ ಮಲ್ಟಿಮೀಟರಿನಲ್ಲಿ ಅಳೆಯಬಹುದು. ಗ್ರಾಫ್ ಹಾಳೆಯಲ್ಲಿ ಬರೆದರೆ ಸೊಗಸಾದ ವಕ್ರರೇಖೆ ಬರುತ್ತದೆ. ನಡುವೆ ಎಲ್ಲಾದರೂ ಎಗರಿ ಬಿದ್ದರೆ ಸೆನ್ಸರ್ ಹೋಗಿದೆ. (ಅಡುಗೆಯ ಪಾತ್ರೆ ಮಾತ್ರ ಬೇಡ. ಕಾರಣ ಮುಂದಿದೆ.)

ಬಿಚ್ಚುವ ಮೊದಲೇ ಮಾಡಬಹುದಾದ ಪರೀಕ್ಷೆ ಇನ್ನೂ ಚೆನ್ನಾಗಿದೆ. ಪಿ 0118 ಎಂಬ ಸಂಕೇತ ಬಂದಿದೆಯೆನ್ನಿ. ವೋಲ್ಟೇಜು ತೀರಾ ಹೆಚ್ಚು, ಅಂದರೆ ಸರ್ಕ್ಯೂಟ್ ಎಲ್ಲೋ ಕಡಿದಿದೆ ಎಂಬ ಅನುಮಾನ. ಕನೆಕ್ಟರ್ ಕಳಚಿ, ತಂತಿಯ ಕಡೆಯ ಎರಡು ಟರ್ಮಿನಲ್‌ಗಳನ್ನು ಚಿಕ್ಕ ತಂತಿಯಿಂದ ಜೋಡಿಸಿ. ಈಗ ಸ್ಕ್ಯಾನರಿನಲ್ಲಿ ಉಷ್ಣತೆ ಸರ್ರನೆ ಮೇಲೇರಿ, ಪಿ 0117 ಎಂಬ ವಿರುದ್ಧ ಸಂಕೇತ ಬಂದರೆ ತಂತಿಯೂ ಕಂಪ್ಯೂಟರೂ ನೆಟ್ಟಗಿವೆ, ಅಪರಾಧಿ ಸೆನ್ಸರೇ. ಏನೂ ಬದಲಾಗದಿದ್ದರೆ ಹೊಸ ಸೆನ್ಸರ್ ಕೊಳ್ಳುವುದು ದಂಡ, ತಂತಿಯ ಜಾಡು ಹಿಡಿಯಿರಿ.

ಕೆಲವು ಸೆನ್ಸರುಗಳು ದೀಪ ಹತ್ತದಂತೆ ನಾಜೂಕಾಗಿ ಸುಳ್ಳು ಹೇಳುತ್ತವೆ. ಕಾದ ಎಂಜಿನ್ನನ್ನು ‘ಇನ್ನೂ ತಣ್ಣಗಿದೆ’ ಎಂದು ವರದಿ ಮಾಡಿದರೆ ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಕುಸಿಯುತ್ತದೆ, ಕಪ್ಪು ಹೊಗೆ ಬರುತ್ತದೆ. ಹಾಗೇ ಓಡಿಸಿದರೆ ಸೆನ್ಸರಿಗಿಂತ ಎಷ್ಟೋ ಪಟ್ಟು ದುಬಾರಿಯಾದ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಇದನ್ನು ಹಿಡಿಯುವ ಉಪಾಯ ಸುಲಭ. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಬೆಳಿಗ್ಗೆ ಚಾಲೂ ಮಾಡುವ ಮುನ್ನ, ಕೂಲಂಟಿನ ಉಷ್ಣತೆಯೂ ಒಳಹೋಗುವ ಗಾಳಿಯ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ ಇರಬೇಕು.

ಹೊಗೆ ಕೊಳವೆಯಲ್ಲಿ ಕೂರುವ ಆಕ್ಸಿಜನ್ ಸೆನ್ಸರಿನ ಪಾಡು ಬೇರೆ. ಬಾಷ್ ಕಂಪನಿಯ ಈ ಸಾಧನ 1976ರಲ್ಲಿ ಮೊದಲು ವೋಲ್ವೊ ಕಾರುಗಳಲ್ಲಿ ಬಂತು. ಜಿರ್ಕೋನಿಯಾದಿಂದ ಮಾಡಿದ್ದು ಕಾದ ಮೇಲೆ ಸಣ್ಣ ಬ್ಯಾಟರಿಯಂತೆ ಕೆಲಸ ಮಾಡುತ್ತದೆ. ಪೆಟ್ರೋಲ್ ಹೆಚ್ಚಾದರೆ ಸುಮಾರು 0.9 ವೋಲ್ಟ್, ಗಾಳಿ ಹೆಚ್ಚಾದರೆ 0.1 ವೋಲ್ಟ್. ಆರೋಗ್ಯವಾಗಿದ್ದರೆ ಇವೆರಡರ ನಡುವೆ ಬೇಗ ಬೇಗ ಓಲಾಡುತ್ತಿರಬೇಕು. ಸೋಮಾರಿಯಂತೆ ಒಂದೇ ಕಡೆ ನಿಂತರೆ ಅನುಮಾನಿಸಬೇಕು. ಆದರೆ ‘ಗಾಳಿ ಹೆಚ್ಚಾಗಿದೆ’ ಎನ್ನುವ ಪಿ 0171 ಬಂದ ತಕ್ಷಣ ಇದನ್ನು ಬದಲಿಸುವವರಿದ್ದಾರೆ. ನಿಜವಾಗಿ ಬಿರುಕು ಬಿಟ್ಟ ರಬ್ಬರ್ ಕೊಳವೆಯೊಂದು ಹೊರಗಿನ ಗಾಳಿ ಎಳೆಯುತ್ತಿರಬಹುದು. ದೂರು ಕೊಟ್ಟವನನ್ನೇ ಜೈಲಿಗೆ ಹಾಕಿದಂತಾಯಿತು!

ನಡುರಸ್ತೆಯಲ್ಲಿ ನಿಂತರೆ

ಪೋಷಕರು ನಿಜಕ್ಕೂ ಹೆದರಬೇಕಾದದ್ದು ಕ್ರ್ಯಾಂಕ್ ಸೆನ್ಸರಿಗೆ. ಎಂಜಿನ್ ತಿರುಗುತ್ತಿದೆಯೆಂದು ಕಂಪ್ಯೂಟರಿಗೆ ತಿಳಿಸುವುದು ಅದೇ. ಈ ವ್ಯಾನುಗಳಲ್ಲಿ ಅದು ಹಾಲ್ ಪರಿಣಾಮದಿಂದ ಕೆಲಸ ಮಾಡುತ್ತದೆ. ಎಡ್ವಿನ್ ಹಾಲ್ 1879ರಲ್ಲಿ ಇದನ್ನು ಕಂಡುಹಿಡಿದಾಗ ಆತನೂ ಇನ್ನೂ ವಿದ್ಯಾರ್ಥಿಯೇ. ಹಳೆಯ ಸೆನ್ಸರ್ ಬಿಸಿಯೇರಿದಾಗ ಮಾತು ನಿಲ್ಲಿಸುತ್ತದೆ, ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರು. ಹೆದ್ದಾರಿಯಲ್ಲಿ ಎಂಜಿನ್ ಹಾಗೆ ಸತ್ತರೆ ಸ್ಟಿಯರಿಂಗ್ ಬಿಗಿಯಾಗುತ್ತದೆ; ಬ್ರೇಕಿಗೆ ಸಿಗುವ ನೆರವು ಕೆಲವೇ ಸಲ ತುಳಿಯುವಷ್ಟರಲ್ಲಿ ಮುಗಿಯುತ್ತದೆ. ಬಿಸಿಯಾದಾಗ ನಿಂತು ಅರ್ಧ ಗಂಟೆಯ ನಂತರ ಓಡುವ ಗಾಡಿಯನ್ನು ‘ಹೇಗೋ ನಡೀತದೆ’ ಎಂದು ಓಡಿಸಬಾರದು. 3.3 ಲೀಟರ್ ಎಂಜಿನ್ನಿಗೆ ಬರುವ ಹೊಸ ಸೆನ್ಸರಿನ ತುದಿಗೆ ಒಂದು ಕಾಗದದ ಚೂರು ಅಂಟಿರುತ್ತದೆ. ಕಸವೆಂದು ಕಿತ್ತೆಸೆಯಬೇಡಿ. ಸರಿಯಾದ ಅಂತರ ಸಿಗಲೆಂದೇ ಅದನ್ನು ಇಟ್ಟಿರುವುದು. ಎಂಜಿನ್ ತಿರುಗಿದಾಗ ತಾನೇ ಸವೆದುಹೋಗುತ್ತದೆ.

ಬದಲಿಸುವ ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಎಂಜಿನ್ ಪೂರ್ತಿ ತಣಿದಿರಬೇಕು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಬೇಕು. ಹಳೆಯ ಕನೆಕ್ಟರಿನ ಪ್ಲಾಸ್ಟಿಕ್ ಕೊಂಡಿ ಹಪ್ಪಳದಂತೆ ಮುರಿಯುತ್ತದೆ, ಮೆಲ್ಲಗೆ ಎತ್ತಿ. ಕೂಲಂಟ್ ಸೆನ್ಸರ್ ಬಿಚ್ಚುವಾಗ ಕೆಳಗೆ ಬಾಣಲೆಯಿಡಿ. ಸೋರುವ ದ್ರವದಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ರುಚಿ ಸಿಹಿ, ಆದರೆ ವಿಷ. ಮಕ್ಕಳು, ನಾಯಿ ಬೆಕ್ಕು ಹತ್ತಿರ ಸುಳಿಯದಂತೆ ಆಗಲೇ ಒರೆಸಿ ತೆಗೆಯಬೇಕು. ಕೂಲಂಟ್ ಮತ್ತೆ ತುಂಬಿದ ಮೇಲೆ ಒಳಗೆ ಸಿಕ್ಕಿಬಿದ್ದ ಗಾಳಿ ಹೊರಬರುವವರೆಗೆ ಕಾಯುವುದು ಅಗತ್ಯ.

ಹಳೆಯ ವ್ಯಾನ್ ಇನ್ನೂ ಕೊಂಡಿಲ್ಲವೇ? ಹಾಗಾದರೆ ಕೀಲಿ ಆನ್ ಮಾಡಿ ನೋಡಿ. ಎಂಜಿನ್ ಚಾಲೂ ಆಗುವ ಮೊದಲು ಹಳದಿ ದೀಪ ಒಮ್ಮೆ ಹತ್ತಲೇಬೇಕು. ಹತ್ತದಿದ್ದರೆ ಬಲ್ಬು ಸುಟ್ಟಿದೆ, ಇಲ್ಲವೇ ಯಾರೋ ಬೇಕೆಂದೇ ತೆಗೆದಿದ್ದಾರೆ. ಸ್ಕ್ಯಾನರನ್ನೂ ಒಮ್ಮೆ ಚುಚ್ಚಿಸಿ. ಸಂಕೇತ ಒಂದೂ ಇಲ್ಲ, ಆದರೆ ಕಂಪ್ಯೂಟರಿನ ಸ್ವಯಂ ಪರೀಕ್ಷೆಗಳು ‘ಇನ್ನೂ ಮುಗಿದಿಲ್ಲ’ ಎಂದು ತೋರಿದರೆ, ಯಾರೋ ಈಚೆಗಷ್ಟೇ ಅದರ ನೆನಪನ್ನು ಅಳಿಸಿರಬಹುದು. ಅಂಥ ಗಾಡಿಯನ್ನು ಕೆಲವು ದಿನ ಓಡಿಸಿದ ನಂತರ ಮತ್ತೆ ಬಂದು ನೋಡುವುದಾಗಿ ಹೇಳಿ ಹೊರಡಿ.