ಓದಿದ ಕಥೆ, ತೆರೆಯ ಮೇಲಣ ಕಥೆ

ಚಲನಚಿತ್ರವನ್ನು ನೋಡಿಯಾಯಿತು, ಇನ್ನು ಕಾದಂಬರಿಯನ್ನು ಏಕೆ ಓದಬೇಕು? ಕನ್ನಡ ತರಗತಿಯಲ್ಲಿ ವಿದ್ಯಾರ್ಥಿಗಳಿಂದ ಬರುವ ಈ ಪ್ರಶ್ನೆಯನ್ನು ಉದ್ಧಟತನವೆಂದು ತಳ್ಳಿಹಾಕುವುದು ಸುಲಭ. ಸಮಾಧಾನ ಹೇಳುವುದು ಅಷ್ಟು ಸುಲಭವಲ್ಲ. ರಾಮಮೂರ್ತಿ ನಗರದಂತಹ ಬಡಾವಣೆಯಲ್ಲಿ ಈ ಪ್ರಶ್ನೆಗೆ ಮತ್ತೊಂದು ಮುಖವೂ ಉಂಟು. ಇಲ್ಲಿ ಒಂದು ಮನೆಯ ಮಾತು ಕನ್ನಡವಾದರೆ ಪಕ್ಕದ ಮನೆಯದು ತೆಲುಗು, ಎದುರು ಮನೆಯದು ತಮಿಳು. ನೆರೆಯ ದೂರವಾಣಿನಗರದಲ್ಲಿ 1948ರಲ್ಲಿ ಸ್ಥಾಪಿತವಾದ ದೂರವಾಣಿ ಕಾರ್ಖಾನೆಯೂ ಹಳೆ ಮದರಾಸು ರಸ್ತೆಯ ಇತರ ಕಾರ್ಖಾನೆಗಳೂ ನಾನಾ ಕಡೆಯ ಕುಟುಂಬಗಳನ್ನು ಈ ಭಾಗಕ್ಕೆ ಕರೆತಂದವು. 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದ ಮೇಲೆ ಇಂತಹ ಅನೇಕ ಮನೆಗಳನ್ನು ಕನ್ನಡದ ಕಥೆ ಹೊಕ್ಕದ್ದು ಪುಸ್ತಕದ ಮೂಲಕವಲ್ಲ, ತೆರೆಯ ಮೂಲಕ. ಕಾರಂತ, ತರಾಸು, ತೇಜಸ್ವಿ ಎಂಬ ಹೆಸರುಗಳನ್ನು ಗ್ರಂಥಾಲಯಕ್ಕಿಂತ ಮೊದಲು ತೆರೆಯಿಂದಲೇ ತಿಳಿದವರು ಕಡಿಮೆಯೇನಿಲ್ಲ. ಆದುದರಿಂದ ತೆರೆಯನ್ನು ಹಳಿದು ಪುಸ್ತಕವನ್ನು ಹೊಗಳಿದರೆ ಮೇಲಿನ ಪ್ರಶ್ನೆಗೆ ಉತ್ತರ ದೊರೆಯದು.

ಪುಸ್ತಕವನ್ನು ಓದಿದವರು ಚಿತ್ರ ನೋಡಿದಾಗ ಸಾಮಾನ್ಯವಾಗಿ ಹೇಳುವ ಮಾತು ಒಂದೇ: 'ಕಥೆಯನ್ನು ಬದಲಾಯಿಸಿಬಿಟ್ಟಿದ್ದಾರೆ.' ಬದಲಾವಣೆಯೇ ಅಪರಾಧವಾದರೆ ಕನ್ನಡದ ಆದಿಕವಿಯನ್ನೇ ಕಟಕಟೆಗೆ ತರಬೇಕಾಗುತ್ತದೆ. ಹತ್ತನೆಯ ಶತಮಾನದ ಪಂಪ 'ವಿಕ್ರಮಾರ್ಜುನ ವಿಜಯ'ದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದ. ಹಾಗೆ ಮಾಡಿಯೂ ಅವಳ ಮುಡಿ ಕಟ್ಟುವ ಕೆಲಸವನ್ನು ಭೀಮನಿಗೇ ಉಳಿಸಿದನಾಗಿ ಕಥೆಯಲ್ಲಿ ಒಂದು ತೊಡಕು ಉಳಿಯಿತೆಂಬುದನ್ನು ವಿದ್ವಾಂಸರು ಗುರುತಿಸದೆ ಇಲ್ಲ. ಆದರೆ ಪಂಪ ವ್ಯಾಸರಿಗೆ ದ್ರೋಹ ಬಗೆದನೆಂದು ಯಾರೂ ಹೇಳಲಿಲ್ಲ. ಪಾಲ್ಕುರಿಕೆ ಸೋಮನಾಥನು ತೆಲುಗಿನ ದ್ವಿಪದಿಯಲ್ಲಿ ಬರೆದ ಬಸವಪುರಾಣವನ್ನು ಭೀಮಕವಿಯು 1369ರಲ್ಲಿ ಕನ್ನಡದ ಭಾಮಿನಿ ಷಟ್ಪದಿಗೆ ತಂದ. ಛಂದಸ್ಸು ಬೇರೆ, ನಡೆ ಬೇರೆ. ಆದರೂ ಮಠಗಳಲ್ಲಿ ಪುರಾಣ ಕೇಳುವವರಿಗೆ ಅದು ಎರವಲು ಗ್ರಂಥವೆನಿಸಿಲ್ಲ. ಪ್ರಸಿದ್ಧ ಕಥೆಯಲ್ಲಿಯೂ ರಸಕ್ಕೆ ಹೊಂದದ ಭಾಗವಿದ್ದರೆ ಕವಿಯು ಅದನ್ನು ಬಿಟ್ಟು ರಸೋಚಿತವಾದುದನ್ನು ಕಲ್ಪಿಸಿಕೊಳ್ಳಬೇಕೆಂದು ಆನಂದವರ್ಧನನು 'ಧ್ವನ್ಯಾಲೋಕ'ದಲ್ಲಿ ವಿಧಿಸಿದ್ದಾನೆ. ಏನು ಬದಲಾಯಿತು ಎಂಬುದಕ್ಕಿಂತ ಯಾವ ಪ್ರಯೋಜನಕ್ಕಾಗಿ ಬದಲಾಯಿತು ಎಂಬುದನ್ನೇ ಕೇಳಬೇಕು.

ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣ್ ಅವರ ಕೃತಿಗಳಿಗೆ ತೆರೆಯ ಮೇಲೆ ಎರಡು ಬಗೆಯ ಗತಿ ಒದಗಿತು. 1958ರ 'ದಿ ಗೈಡ್' ಕಾದಂಬರಿ 1965ರಲ್ಲಿ ಹಿಂದಿ ಚಿತ್ರವಾಯಿತು. ಚಿತ್ರತಂಡವು ಮಾಲ್ಗುಡಿಯ ಕಥೆಯನ್ನು ರಾಜಸ್ಥಾನದ ಅರಮನೆಗಳ ನಡುವೆ ನಿಲ್ಲಿಸಿತು. ಜನ ಮೆಚ್ಚಿದರು, ಹಾಡುಗಳು ಮನೆಮಾತಾದವು. ಲೇಖಕರು ಮಾತ್ರ ಮೆಚ್ಚಲಿಲ್ಲ, ತಮ್ಮ ಅಸಮಾಧಾನವನ್ನು ಪ್ರಬಂಧವಾಗಿಯೇ ಬರೆದರು. ಮುಂದೆ 1980ರ ದಶಕದಲ್ಲಿ ಶಂಕರ್ ನಾಗ್ ದೂರದರ್ಶನಕ್ಕಾಗಿ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ನಿರ್ದೇಶಿಸಿದಾಗ ಆರಿಸಿಕೊಂಡದ್ದು ಮಲೆನಾಡಿನ ಆಗುಂಬೆಯನ್ನು. ಲೆಕ್ಕಕ್ಕೆ ನೋಡಿದರೆ ಇದೂ ತಪ್ಪೇ. ನಾರಾಯಣ್ ಅವರ ಮಾಲ್ಗುಡಿಗೆ ರೈಲು ನಿಲ್ದಾಣವುಂಟು, ಆಗುಂಬೆಗೆ ರೈಲೇ ಇಲ್ಲ. ನಿಲ್ದಾಣಕ್ಕಾಗಿ ಅರಸಾಳಿಗೆ ಹೋಗಬೇಕಾಯಿತು. ಹಾಗಿದ್ದರೂ ನೋಡಿದವರಿಗೆ ಅದೇ ಮಾಲ್ಗುಡಿ ಎನಿಸಿತು. ಜಗುಲಿ, ಹೆಂಚಿನ ಮಾಡು, ಶಾಲೆಗೆ ಹೋಗಲು ತಲೆನೋವಿನ ನೆವ ಹೂಡುವ ಹುಡುಗ, ಅವನನ್ನು ಗದರಿಸುವ ತಂದೆ: ಬದುಕಿನ ಅಳತೆ ಎರಡು ಕಡೆಯೂ ಒಂದೇ ಆಗಿತ್ತು. 'ಗೈಡ್' ಚಿತ್ರದಲ್ಲಿ ತಪ್ಪಿದ್ದು ಆ ಅಳತೆಯೇ.

ಒಂದು ಕೊರತೆಯನ್ನು ಮಾತ್ರ ಇಲ್ಲಿ ಹೇಳಲೇಬೇಕು. ಕನ್ನಡ ನೆಲದಲ್ಲಿ ಕನ್ನಡದ ನಟರೇ ಅಭಿನಯಿಸಿದ ಈ ಧಾರಾವಾಹಿ ನಾಡಿನ ಮನೆಗಳಿಗೆ ಬಂದದ್ದು ಹಿಂದಿಯಲ್ಲಿ. ಕನ್ನಡ ಧ್ವನಿಯೊಡನೆ ಅದು ಪ್ರಸಾರವಾದದ್ದು 2020ರಲ್ಲಿ; ಶಂಕರ್ ನಾಗ್ 1990ರಲ್ಲಿಯೇ ತೀರಿಕೊಂಡಿದ್ದರು.

ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ತರಾಸು ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದುದು. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂದು ತರಾಸು ಬೇಸರಪಟ್ಟರೆಂಬ ಮಾತು ಪ್ರಸಿದ್ಧವಾಗಿದೆ. ಲೇಖಕರ ನೋವು ನ್ಯಾಯವಾದುದೇ. ಮೂರು ಕಾದಂಬರಿಗಳ ರಾಮಾಚಾರಿಯನ್ನು ಸುಮಾರು ಮೂರು ಗಂಟೆಯ ಚಿತ್ರಕ್ಕೆ ಇಳಿಸುವಾಗ ಅವನ ಮನಸ್ಸಿನ ಎಷ್ಟೋ ಸುಳಿಗಳು ಬಿಟ್ಟುಹೋಗಲೇಬೇಕು. ಆದರೆ ಚಿತ್ರವು ಬೇರೊಂದನ್ನು ಕೊಟ್ಟಿತು. ಅಶ್ವತ್ಥ್ ಅಭಿನಯಿಸಿದ ಚಾಮಯ್ಯ ಮೇಷ್ಟ್ರು ನಾಡಿನ ನೆನಪಿನಲ್ಲಿ ನೆಲೆನಿಂತರು. ಶಿಷ್ಯನ ಮೇಲಿನ ಮಮತೆಯೇ ಶಿಷ್ಯನಿಗೆ ಕಂಟಕವಾಗಬಹುದೆಂಬ ಆ ಚಿತ್ರಣವನ್ನು ಉಪಾಧ್ಯಾಯರಾದವರು ಒಮ್ಮೆಯಾದರೂ ನಿಧಾನವಾಗಿ ನೋಡತಕ್ಕದ್ದು. ಜಾತಿಯ ಕಟ್ಟಿಗೆ ಮಣಿದು ರಾಮಾಚಾರಿಯ ಪ್ರೇಮವನ್ನು ಕೈಬಿಡಿಸಿದವರೂ ಆ ಮೇಷ್ಟ್ರೇ ಅಲ್ಲವೆ!

ಗಾತ್ರದ ಮಾತೂ ಇದೆ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' (1936) ನೂರಾರು ಪುಟಗಳ ಮಹಾಕಾದಂಬರಿ. 1999ರಲ್ಲಿ ಗಿರೀಶ ಕಾರ್ನಾಡರು ಅದನ್ನು ಚಿತ್ರವಾಗಿಸಿದಾಗ ಮನೆತನದ ಕಲಹ ಉಳಿಯಿತು; ಕಾಡಿನ ವಿಸ್ತಾರವೆಲ್ಲವೂ ಉಳಿಯುವುದು ಸಾಧ್ಯವಿರಲಿಲ್ಲ. ತೇಜಸ್ವಿಯವರ 'ತಬರನ ಕಥೆ' ಸಣ್ಣಕಥೆಯಾದುದರಿಂದ ಗಿರೀಶ ಕಾಸರವಳ್ಳಿಯವರಿಗೆ ಕತ್ತರಿಸುವ ಕಷ್ಟ ಬರಲಿಲ್ಲ, ಬೆಳೆಸುವ ಅವಕಾಶ ದೊರೆಯಿತು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕನ ನಡಿಗೆಯನ್ನು ತೆರೆಯು ಎಷ್ಟು ಹೊತ್ತು ಬೇಕಾದರೂ ತೋರಿಸಬಲ್ಲದು. ಭೈರಪ್ಪನವರ 'ಗೃಹಭಂಗ'ವನ್ನು ಅದೇ ನಿರ್ದೇಶಕರು ಕಿರುತೆರೆಯ ಧಾರಾವಾಹಿಯಾಗಿಸಿದಾಗ ನಂಜಮ್ಮನ ಬದುಕಿಗೆ ಬೇಕಾದ ಕಾಲಾವಕಾಶ ಸಿಕ್ಕಿತು. ಎಲ್ಲ ಧಾರಾವಾಹಿಗಳಿಗೂ ಈ ಮಾತು ಸಲ್ಲದು. ದಿನದಿನವೂ ಕುತೂಹಲದ ತುದಿಯಲ್ಲಿ ನಿಲ್ಲಿಸಲೇಬೇಕೆಂಬ ಹಠಕ್ಕೆ ಬಿದ್ದ ಕಥೆ ಎಳೆದಷ್ಟೂ ತೆಳುವಾಗುತ್ತದೆ.

ಆರಂಭದ ಪ್ರಶ್ನೆಗೆ ಸರಿಯಾದ ನಿದರ್ಶನ 'ಚೋಮನ ದುಡಿ'. ಶಿವರಾಮ ಕಾರಂತರ ಕಾದಂಬರಿ ಪ್ರಕಟವಾದದ್ದು 1933ರಲ್ಲಿ; ಬಿ. ವಿ. ಕಾರಂತರ ಚಿತ್ರ 1975ನೆಯ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಸ್ವರ್ಣಕಮಲ ಪಡೆಯಿತು, ಚೋಮನಾದ ವಾಸುದೇವರಾವ್ ಶ್ರೇಷ್ಠ ನಟರೆನಿಸಿದರು. ಚೋಮನಿಗೆ ಎತ್ತುಗಳಿವೆ, ಉಳಲು ನೆಲವಿಲ್ಲ. ಅವನ ಜಾತಿಯವರು ಸ್ವಂತಕ್ಕೆ ಬೇಸಾಯ ಮಾಡಕೂಡದೆಂಬುದು ಊರಿನ ಕಟ್ಟು. ಈ ಸಂಕಟವನ್ನು ಆಡಿ ತೋರಿಸುವಷ್ಟು ಮಾತು ಅವನಲ್ಲಿಲ್ಲ. ಕಾದಂಬರಿಯಲ್ಲಿ ಆ ಮೌನದ ಪಕ್ಕದಲ್ಲಿ ನಿಂತು ನಿರೂಪಕನು ಮಾತನಾಡುತ್ತಾನೆ: ಮತಾಂತರವಾದರೆ ಭೂಮಿ ಸಿಕ್ಕೀತೆಂಬ ಆಸೆಯೂ ಪಂಜುರ್ಲಿಯ ಮೇಲಿನ ಭಯಭಕ್ತಿಯೂ ಒಂದೇ ಎದೆಯಲ್ಲಿ ಹೊಡೆದಾಡುವುದನ್ನು ವಿವರಿಸುತ್ತಾನೆ. ತೆರೆಯ ಮೇಲೆ ಆ ನಿರೂಪಕನಿಲ್ಲ. ಅವನ ಸ್ಥಾನದಲ್ಲಿ ಬಂದು ಕುಳಿತದ್ದು ದುಡಿ. ರಂಗಸಂಗೀತದಲ್ಲಿ ಪಳಗಿದ ಬಿ. ವಿ. ಕಾರಂತರಿಗೆ ಇದು ಚೆನ್ನಾಗಿ ತಿಳಿದಿತ್ತು. ಪುಟದ ಮೇಲೆ ದುಡಿ ಎಂಬುದು ಎರಡಕ್ಷರದ ಶಬ್ದ ಮಾತ್ರ. ಕರಾವಳಿಯನ್ನೇ ಕಾಣದ ರಾಮಮೂರ್ತಿ ನಗರದ ಹುಡುಗನಿಗೆ ಅದು ಚರ್ಮವಾದ್ಯವೆಂದು ಅರ್ಥ ಹೇಳಬಹುದು, ಕೇಳಿಸಲಾಗದು. ಚಿತ್ರ ಕೇಳಿಸುತ್ತದೆ.

ಆ ಹುಡುಗನು ದುಡಿಯ ಸದ್ದನ್ನು ಕಿವಿಯಲ್ಲಿಟ್ಟುಕೊಂಡು ಪುಸ್ತಕಕ್ಕೆ ಬಂದರೆ ಬಾರಿಸುತ್ತಿರುವವನ ಒಳಗೆ ಆ ಹೊತ್ತಿನಲ್ಲಿ ಏನು ನಡೆದಿತ್ತು ಎಂಬುದನ್ನು ಅಲ್ಲಿ ಕಾಣುತ್ತಾನೆ. ತೆರೆಯ ಮೇಲೆ ಚೋಮನ ಮುಖ ಕಂಡು ಮರೆಯಾಗುತ್ತದೆ. ಪುಟದಲ್ಲಾದರೆ ಒಂದು ವಾಕ್ಯದ ಬಳಿ ನಿಂತು, ಹಿಂದಕ್ಕೆ ತಿರುವಿ, ಗುರುಗಳನ್ನೋ ಮನೆಯ ಹಿರಿಯರನ್ನೋ ಕೇಳಬಹುದು. ಮನೆಯಲ್ಲಿ ತೆಲುಗನ್ನೋ ತಮಿಳನ್ನೋ ಆಡುವ ಮಗುವಿಗೆ ಹೀಗೆ ನಿಂತು ಓದುವ ಅವಕಾಶ ಹೆಚ್ಚು ಬೇಕು. ಅಂತಹ ತರಗತಿಯಲ್ಲಿ ಚಿತ್ರವನ್ನು ಮೊದಲು ತೋರಿಸಿ, ಚೋಮನು ಪಾದ್ರಿಯ ಕಡೆಗೆ ಹೊರಟು ಮರಳುವ ಅಧ್ಯಾಯವನ್ನು ಮಾರನೆಯ ದಿನ ಗಟ್ಟಿಯಾಗಿ ಓದಿಸುವುದು ಉಪಾಧ್ಯಾಯರು ಮಾಡಿ ನೋಡಬಹುದಾದ ಕ್ರಮ. ಅದಕ್ಕೆ ಎರಡು ಅವಧಿ ಸಾಕು, ಕಾದಂಬರಿಯೂ ಚಿಕ್ಕದು.