ಚಾರಣಕ್ಕೆ ಹೊರಡುವ ಮುನ್ನ ಹೊಸ ಬೂಟು ಪಳಗಲಿ

ಜೂನ್ ತಿಂಗಳ ಮಳೆಗೆ ಸಹ್ಯಾದ್ರಿಯ ಬೆಟ್ಟಗಳು ಹಸುರಾಗುತ್ತಿದ್ದಂತೆ ಠಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಪರಿಸರದ ಕನ್ನಡ ಸಂಘ-ಸಂಸ್ಥೆಗಳಲ್ಲಿ ಮಳೆಗಾಲದ ವಿಹಾರದ ಮಾತು ಶುರುವಾಗುತ್ತದೆ. ಯುವ ವಿಭಾಗದವರು ಮಾಹುಲಿ ಕೋಟೆ, ಕಳಸೂಬಾಯಿ ಶಿಖರ ಎಂದರೆ ಹಿರಿಯರು ಮಾಥೇರಾನ್ ಸಾಕು ಎನ್ನುತ್ತಾರೆ. ದಿನ ನಿಗದಿಯಾಗುತ್ತದೆ, ಹೊರಡುವ ಲೋಕಲ್ ಗಾಡಿಯ ಸಮಯ ಗೊತ್ತಾಗುತ್ತದೆ, ತಿಂಡಿ-ಊಟದ ಜವಾಬ್ದಾರಿ ಹಂಚಿಕೆಯಾಗುತ್ತದೆ. ಕೊನೆಗೆ, ಹಿಂದಿನ ದಿನ ಸಂಜೆ ನೆನಪಾಗುವುದು ಬೂಟು. ಅಂಗಡಿಗೆ ಓಡಿ ಹೊಸ ಜೋಡು ತಂದು, ಮರುದಿನ ಮುಂಜಾನೆ ಅದನ್ನೇ ಮೊದಲ ಬಾರಿ ತೊಟ್ಟು ಕಸಾರಾ ಲೋಕಲ್ ಹತ್ತುವವರು ಪ್ರತಿ ತಂಡದಲ್ಲೂ ಒಂದಿಬ್ಬರು ಇದ್ದೇ ಇರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ತಂಡದ ಕೊನೆಯಲ್ಲಿ ಕುಂಟುತ್ತಾ ಬರುವವರೂ ಅವರೇ.

ಹೊಸ ಚಪ್ಪಲಿ ಕಚ್ಚುವುದು ನಮ್ಮವರಿಗೆ ಹೊಸ ವಿಷಯವಲ್ಲ. ಕೊಲ್ಲಾಪುರಿ ಚಪ್ಪಲಿ ಕೊಂಡವರು ಅದಕ್ಕೆ ಎಣ್ಣೆ ಹಚ್ಚಿ, ನಾಲ್ಕಾರು ದಿನ ಮನೆಯಲ್ಲೇ ಮೆಟ್ಟಿ ಮೆತ್ತಗಾದ ಮೇಲೆಯೇ ಪೇಟೆಗೆ ಹಾಕಿಕೊಂಡು ಹೋಗುವುದು ಹಿಂದಿನಿಂದ ಬಂದ ರೂಢಿ. ಆ ಚಪ್ಪಲಿಯಲ್ಲಿ ಕನ್ನಡಿಗರ ಪಾಲೂ ಇದೆ. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ತಲೆಮಾರುಗಳಿಂದ ಅದನ್ನು ತಯಾರಿಸುತ್ತಿದ್ದಾರೆ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿ ಸೇರಿದವು. ಚಪ್ಪಲಿಗೆ ತೋರುವ ಈ ತಾಳ್ಮೆಯನ್ನು ಬೂಟಿಗೂ ತೋರಿದರೆ ಚಾರಣದ ಅರ್ಧ ಕಷ್ಟ ಮನೆಯಲ್ಲೇ ಕಳೆಯುತ್ತದೆ.

ಗುಳ್ಳೆ ಏಳುವುದು ಏಕೆ?

ಬೂಟು ಮೇಲಿನಿಂದ ಉಜ್ಜಿ ಚರ್ಮ ಸವೆಯುವುದರಿಂದ ಗುಳ್ಳೆ ಏಳುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ನಿಜವಾಗಿ ನಡೆಯುವುದು ಚರ್ಮದ ಒಳಗೆ. ಪ್ರತಿ ಹೆಜ್ಜೆಗೂ ಕಾಲಿನ ಮೂಳೆ ಮುಂದೆ-ಹಿಂದೆ ಸರಿಯುತ್ತದೆ. ಹೊರಗಿನ ಚರ್ಮವೋ ಕಾಲುಚೀಲಕ್ಕೆ ಅಂಟಿಕೊಂಡು ಇದ್ದಲ್ಲೇ ನಿಲ್ಲುತ್ತದೆ. ನಡುವಿನ ಪದರ ಸಾವಿರಾರು ಸಲ ಎಳೆದಾಡಿ ಹರಿದು, ಆ ಜಾಗದಲ್ಲಿ ನೀರು ತುಂಬಿಕೊಳ್ಳುತ್ತದೆ. ಊರಿನಲ್ಲಿ ಬೊಬ್ಬೆ ಎನ್ನುವುದು ಇದನ್ನೇ. ಪೂರ್ತಿ ಒಣಗಿದ ಚರ್ಮ ಸುಲಭವಾಗಿ ಜಾರುತ್ತದೆ. ಬೆವರಿನಿಂದಲೋ ಮಳೆಯಿಂದಲೋ ಒದ್ದೆಯಾದ ಚರ್ಮ ಹೆಚ್ಚು ಅಂಟುತ್ತದೆ, ಮೆತ್ತಗಾಗಿ ಬೇಗ ಹರಿಯುತ್ತದೆ. ಹೀಗಾಗಿ ನಮ್ಮ ಕೊಂಕಣದ ಮಳೆಗಾಲದ ಚಾರಣದಲ್ಲಿ ಗುಳ್ಳೆಯ ಕಾಟ ಚಳಿಗಾಲಕ್ಕಿಂತ ಹೆಚ್ಚು.

"ಊರಿನಲ್ಲಿ ಗದ್ದೆಯ ಹುಣಿಯ ಮೇಲೆ ಬರಿಗಾಲಲ್ಲಿ ಮೈಲುಗಟ್ಟಲೆ ನಡೆದು ಶಾಲೆಗೆ ಹೋದವರು ನಾವು, ನಮಗೇನಾಗುತ್ತದೆ" ಎಂಬ ಮಾತು ಹಿರಿಯ ಸದಸ್ಯರಿಂದ ಕೇಳಿಬರುವುದುಂಟು. ಆ ಮಾತು ಸುಳ್ಳಲ್ಲ. ದಿನವೂ ಸ್ವಲ್ಪ ಸ್ವಲ್ಪ ಉಜ್ಜಿಸಿಕೊಂಡ ಚರ್ಮ ದಪ್ಪವಾಗಿ ಗಟ್ಟಿಯಾಗುತ್ತದೆ. ಆದರೆ ಅದು ಶಾಶ್ವತ ಠೇವಣಿಯಲ್ಲ. ಮೂವತ್ತು ವರ್ಷ ಕಚೇರಿಯ ಕುರ್ಚಿ ಮತ್ತು ಲೋಕಲ್ ಗಾಡಿಯ ನಡುವೆ ಕಳೆದ ಪಾದದಲ್ಲಿ ಆ ಉಳಿತಾಯ ಎಂದೋ ಖರ್ಚಾಗಿರುತ್ತದೆ. ಹೊಸದಾಗಿ ಮತ್ತೆ ಜಮೆ ಮಾಡಿಕೊಳ್ಳಬೇಕು. ಬೂಟನ್ನು ಪಳಗಿಸುವ ದಿನಗಳಲ್ಲಿ ಪಾದವೂ ಜೊತೆಗೇ ಪಳಗುತ್ತದೆ.

ಸಣ್ಣ ಗಾಯ, ದೊಡ್ಡ ಅಪಾಯ

ಒಂದು ಗುಳ್ಳೆಗೆ ಇಷ್ಟೊಂದು ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. 1924ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಕ್ಯಾಲ್ವಿನ್ ಕೂಲಿಜ್ ಅವರ 16 ವರ್ಷದ ಮಗ ಕಾಲುಚೀಲವಿಲ್ಲದೆ ಬೂಟು ತೊಟ್ಟು ಟೆನಿಸ್ ಆಡಿ ಕಾಲ್ಬೆರಳಿಗೆ ಗುಳ್ಳೆ ಮಾಡಿಕೊಂಡ. ಅದರ ನಂಜು ರಕ್ತಕ್ಕೆ ಏರಿ ಸುಮಾರು ಒಂದು ವಾರದಲ್ಲಿ ಹುಡುಗ ತೀರಿಕೊಂಡ. ಪೆನಿಸಿಲಿನ್ ಪತ್ತೆಯಾದದ್ದು 1928ರಲ್ಲಿ. ಇಂದು ಔಷಧಿಗಳಿವೆ, ನಿಜ. ಆದರೆ ಎರಡು ಕಾರಣಗಳಿಂದ ನಮ್ಮವರು ಮೈಮರೆಯುವಂತಿಲ್ಲ.

ಮೊದಲನೆಯದು ಸಕ್ಕರೆ ಕಾಯಿಲೆ. ಹಲವು ವರ್ಷಗಳಿಂದ ಮಧುಮೇಹ ಇರುವವರಲ್ಲಿ ಪಾದದ ನರಗಳು ಮಂಕಾಗಿ ನೋವು ತಿಳಿಯುವುದು ಕಡಿಮೆಯಾಗುತ್ತದೆ. ಬೂಟು ಕಚ್ಚಿದ್ದು ಗೊತ್ತಾಗದೆ ಅವರು ನಡೆಯುತ್ತಲೇ ಇರುತ್ತಾರೆ. ರಾತ್ರಿ ಬೂಟು ಬಿಚ್ಚಿದಾಗ ಕಾಲುಚೀಲದಲ್ಲಿ ರಕ್ತ ಕಾಣುತ್ತದೆ. ರಕ್ತಸಂಚಾರ ಕಡಿಮೆಯಿರುವ ಪಾದದಲ್ಲಿ ಗಾಯ ಬೇಗ ಮಾಯುವುದಿಲ್ಲ. ಹುಣ್ಣಾಗಿ, ಕೊಳೆತು, ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾಗಿ ಬಂದ ಪ್ರಕರಣಗಳ ಆರಂಭ ಎಷ್ಟೋ ಸಲ ಬೂಟು ಕಚ್ಚಿದ ಇಂಥದ್ದೇ ಸಣ್ಣ ಗಾಯ. ಸಂಘದ ವಿಹಾರಕ್ಕೆ ಉತ್ಸಾಹದಿಂದ ಹೆಸರು ಕೊಡುವ ಐವತ್ತು-ಅರವತ್ತರ ವಯಸ್ಸಿನವರಲ್ಲಿ ಈ ಕಾಯಿಲೆ ಇರುವವರು ಕಡಿಮೆಯೇನಲ್ಲ.

ಎರಡನೆಯದು ಇಲಿ ಜ್ವರ. ಇಲಿ ಮತ್ತಿತರ ಪ್ರಾಣಿಗಳ ಮೂತ್ರ ಸೇರಿದ ನೀರಿನಿಂದ ಹರಡುವ ಈ ರೋಗದ ಕ್ರಿಮಿ, ಚರ್ಮದ ಗಾಯದ ಮೂಲಕ ದೇಹ ಸೇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮುಂಬಯಿ, ಠಾಣೆ, ಕಲ್ಯಾಣ್ ಪರಿಸರ ಮುಳುಗಿದ ನಂತರದ ವಾರಗಳಲ್ಲಿ ಈ ಜ್ವರ ಹಲವರ ಪ್ರಾಣ ತೆಗೆದದ್ದನ್ನು ಇಲ್ಲಿನವರು ಮರೆತಿಲ್ಲ. ಭಾನುವಾರ ಚಾರಣದಲ್ಲಿ ಒಡೆದ ಗುಳ್ಳೆಯೊಂದಿಗೆ ಸೋಮವಾರ ಸ್ಟೇಷನ್ ಹೊರಗಿನ ಮೊಣಕಾಲುದ್ದ ನೀರಿನಲ್ಲಿ ನಡೆಯುವುದು ಆ ಕ್ರಿಮಿಗೆ ಬಾಗಿಲು ತೆರೆದಿಟ್ಟಂತೆ. ಹಾಗೆ ನಡೆಯಲೇಬೇಕಾಗಿ ಬಂದವರು ಜ್ವರ ಬರಲಿ ಎಂದು ಕಾಯದೆ, 72 ಗಂಟೆಯೊಳಗೆ ವೈದ್ಯರನ್ನು ಕಂಡು ಮುನ್ನೆಚ್ಚರಿಕೆಯ ಮಾತ್ರೆಯ ಬಗ್ಗೆ ಕೇಳುವುದು ಒಳಿತು.

ಕೊಳ್ಳುವಾಗಲೇ ಎಚ್ಚರ

ಬೂಟನ್ನು ಎಷ್ಟು ಪಳಗಿಸಿದರೂ ಮೆತ್ತಗಾಗಬಹುದೇ ಹೊರತು ಉದ್ದವಾಗುವುದಿಲ್ಲ. ಅಳತೆಯೇ ತಪ್ಪಿದ್ದರೆ ಪಳಗಿಸಿ ಪ್ರಯೋಜನವಿಲ್ಲ. ದಿನವಿಡೀ ನಡೆದಾಡಿದ ಪಾದ ಸಂಜೆಗೆ ಸ್ವಲ್ಪ ಊದಿಕೊಳ್ಳುವುದರಿಂದ ಸಂಜೆಯ ಹೊತ್ತು ಅಂಗಡಿಗೆ ಹೋಗಬೇಕು. ಚಾರಣಕ್ಕೆ ತೊಡುವ ದಪ್ಪ ಕಾಲುಚೀಲವನ್ನೇ ತೊಟ್ಟು, ಎರಡೂ ಕಾಲಿಗೆ ಹಾಕಿ ನೋಡಬೇಕು. ಹೆಚ್ಚಿನವರಿಗೆ ಒಂದು ಪಾದ ಇನ್ನೊಂದಕ್ಕಿಂತ ತುಸು ದೊಡ್ಡದಿರುತ್ತದೆ. ದೊಡ್ಡ ಪಾದದ ಅಳತೆಯೇ ಲೆಕ್ಕಕ್ಕೆ. ಲೇಸು ಕಟ್ಟುವ ಮುನ್ನ ಪಾದವನ್ನು ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಹಿಡಿಸಬೇಕು. ಲೇಸು ಕಟ್ಟಿದ ಮೇಲೆ ಹಿಮ್ಮಡಿ ಮೇಲಕ್ಕೆ ಏಳಬಾರದು. ಅಂಗಡಿಯ ಮೆಟ್ಟಿಲಿದ್ದರೆ ಇಳಿದು ನೋಡಿ. ಇಳಿಯುವಾಗ ಬೆರಳು ಬೂಟಿನ ಮೂತಿಗೆ ತಾಗಿದರೆ ಆ ಜೋಡು ಬೇಡ. ಮಾಹುಲಿಯಂತಹ ಸುಮಾರು 2,800 ಅಡಿ ಎತ್ತರದ ಕೋಟೆಯಿಂದ ಇಳಿಯುವಾಗ ಉಗುರು ಕಪ್ಪಾಗುವುದು ಖಂಡಿತ.

ಕೆಲವು ವರ್ಷದ ಹಿಂದೆ ಕೊಂಡು ಡಬ್ಬಿಯಲ್ಲೇ ಇಟ್ಟ ಬೂಟು ಹೊಸದರಂತೆ ಕಂಡರೂ ನಂಬುವಂತಿಲ್ಲ. ಅಡಿಭಾಗದ ಪಾಲಿಯುರೆಥೇನ್ ಎಂಬ ವಸ್ತು ನಮ್ಮ ಕರಾವಳಿಯ ತೇವಕ್ಕೆ ಒಳಗೊಳಗೇ ಪುಡಿಯಾಗುತ್ತದೆ. ಅಂಥ ಬೂಟಿನ ಅಟ್ಟೆ ನಡುದಾರಿಯಲ್ಲಿ ಕಳಚಿ ಬೀಳುವುದುಂಟು. ಹೊರಡುವ ಒಂದು ವಾರ ಮೊದಲು ಹಾಕಿಕೊಂಡು ನಡೆದು ಪರೀಕ್ಷಿಸುವುದು ಅಗತ್ಯ.

ಮೂರು ವಾರದ ಪಳಗಿಸುವಿಕೆ

ಬಟ್ಟೆ ಮತ್ತು ಜಾಲರಿಯ ಹಗುರ ಚಾರಣ ಬೂಟಿಗೆ ಒಂದು ವಾರ ಸಾಕಾಗಬಹುದು. ಪೂರ್ತಿ ತೊಗಲಿನ ಗಟ್ಟಿ ಬೂಟಿಗೆ ಮೂರು ವಾರವಾದರೂ ಬೇಕು. ಮೊದಲ ಎರಡು-ಮೂರು ದಿನ ಮನೆಯೊಳಗೇ ದಿನಕ್ಕೆ ಅರ್ಧ-ಒಂದು ಗಂಟೆ ತೊಟ್ಟರಾಯಿತು. ನೆಲ ಶುಚಿಯಾಗಿದ್ದರೆ ಅಟ್ಟೆಯೂ ಕೊಳೆಯಾಗುವುದಿಲ್ಲ, ಒಗ್ಗದಿದ್ದರೆ ಅಂಗಡಿಯವರು ಬದಲಾಯಿಸಿ ಕೊಡುವ ಅವಕಾಶವೂ ಉಳಿಯುತ್ತದೆ. ಆ ಮೇಲೆ ತರಕಾರಿ ಮಾರುಕಟ್ಟೆ, ಸ್ಟೇಷನ್ ವರೆಗಿನ ದಾರಿ. ಎರಡನೆಯ ವಾರ ಲಿಫ್ಟ್ ಬಿಟ್ಟು ಕಟ್ಟಡದ ಮೆಟ್ಟಿಲು ಹತ್ತಿ ಇಳಿಯಬೇಕು. ಹತ್ತುವಾಗ ಹಿಮ್ಮಡಿ, ಇಳಿಯುವಾಗ ಬೆರಳು ಏನನ್ನುತ್ತವೆ ಎಂಬುದು ಅಲ್ಲೇ ತಿಳಿಯುತ್ತದೆ. ಮೂರನೆಯ ವಾರ ಠಾಣೆಯವರು ಉಪವನ ಕೆರೆಯಿಂದ ಯೇವೂರ್ ರಸ್ತೆಯ ಏರಿನಲ್ಲಿ, ನವಿಮುಂಬಯಿಯವರು ಬೇಲಾಪುರದ ಪಾರ್ಸಿಕ್ ಗುಡ್ಡದಲ್ಲಿ, ಡೊಂಬಿವಲಿ-ಕಲ್ಯಾಣ್ ಕಡೆಯವರು ಹತ್ತಿರದ ಯಾವುದಾದರೂ ಉದ್ದನೆಯ ರಸ್ತೆಯಲ್ಲಿ ಬೆನ್ನ ಚೀಲದಲ್ಲಿ ಮೂರು-ನಾಲ್ಕು ಕಿಲೋ ಭಾರ ಹೇರಿಕೊಂಡು ಎರಡು ಗಂಟೆ ನಡೆದರೆ ಪರೀಕ್ಷೆ ಮುಗಿದಂತೆ.

ಬೇಗ ಮೆತ್ತಗಾಗಲಿ ಎಂದು ಬೂಟನ್ನು ನೀರಿನಲ್ಲಿ ನೆನೆಸುವುದು, ಒಲೆಯ ಬಳಿ ಇಡುವುದು, ಇಸ್ತ್ರಿ ಪೆಟ್ಟಿಗೆಯ ಬಿಸಿ ಕೊಡುವುದು ಬೇಡ. ತೊಗಲು ಬಿರಿಯುತ್ತದೆ, ಅಂಟು ಬಿಡುತ್ತದೆ. ಮಳೆಗೆ ಒದ್ದೆಯಾದ ಬೂಟಿನೊಳಗೆ ಹಳೆಯ ದಿನಪತ್ರಿಕೆಯ ಹಾಳೆ ತುಂಬಿ ಫ್ಯಾನಿನ ಕೆಳಗಿಟ್ಟು, ಒಂದೆರಡು ಗಂಟೆಗೊಮ್ಮೆ ಹಾಳೆ ಬದಲಾಯಿಸಿದರೆ ಬೆಳಗಾಗುವಾಗ ಬಹುಮಟ್ಟಿಗೆ ಒಣಗಿರುತ್ತದೆ.

ದಾರಿಯಲ್ಲಿ ಪಾಲಿಸಬೇಕಾದದ್ದು

ಶಾಲಾ ಮಕ್ಕಳು ತೊಡುವಂತಹ ಹತ್ತಿಯ ಕಾಲುಚೀಲ ನೀರು ಹೀರಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಉಣ್ಣೆ ಅಥವಾ ಕೃತಕ ನೂಲಿನ ಕಾಲುಚೀಲ ಉತ್ತಮ. ಒಳಗೊಂದು ತೆಳ್ಳನೆಯದು, ಮೇಲೊಂದು ದಪ್ಪನೆಯದು ತೊಟ್ಟರೆ ಉಜ್ಜಾಟವೆಲ್ಲ ಎರಡು ಚೀಲಗಳ ನಡುವೆಯೇ ನಡೆದು ಚರ್ಮ ಉಳಿಯುತ್ತದೆ. ಬೂಟಿನಲ್ಲಿ ಅದಕ್ಕೆ ಜಾಗವಿರಬೇಕು, ಅಷ್ಟೆ. ಹಳ್ಳ ದಾಟುವಾಗ ಎಂಥ ಜಲನಿರೋಧಕ ಬೂಟಿಗೂ ಮೇಲಿನಿಂದ ನೀರು ನುಗ್ಗುತ್ತದೆ. ಪ್ಲಾಸ್ಟಿಕ್ ಕೈಚೀಲದಲ್ಲಿ ಒಣಗಿದ ಜೋಡು ಕಾಲುಚೀಲ ಇಟ್ಟುಕೊಂಡು, ಊಟಕ್ಕೆ ಕುಳಿತಾಗ ಪಾದ ಒರೆಸಿ ಬದಲಾಯಿಸಬೇಕು. ಉಗುರುಗಳನ್ನು ಎರಡು ದಿನ ಮೊದಲೇ ನೇರವಾಗಿ ಕತ್ತರಿಸಿರಬೇಕು. ವ್ಯಾಸಲೀನ್ ಹಚ್ಚಿದರೆ ಮೊದಲ ಕೆಲವು ಗಂಟೆ ಜಾರಿಕೆ ಸಿಗುತ್ತದೆ. ಆಮೇಲೆ ಉಜ್ಜಾಟ ಇನ್ನೂ ಹೆಚ್ಚುವುದರಿಂದ ಮತ್ತೆ ಮತ್ತೆ ಹಚ್ಚಬೇಕಾಗುತ್ತದೆ.

ಅಗ್ಗದ ಉಪಾಯವೊಂದು ಔಷಧಿ ಅಂಗಡಿಯಲ್ಲೇ ಇದೆ. ಗಾಯಕ್ಕೆ ಬ್ಯಾಂಡೇಜ್ ಅಂಟಿಸಲು ಬಳಸುವ ಕಾಗದದ ಟೇಪನ್ನು ಹಿಮ್ಮಡಿಗೆ, ಬೆರಳಿಗೆ ಮೊದಲೇ ಸುತ್ತಿಕೊಳ್ಳುವುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಮರುಭೂಮಿಯಂತಹ ದುರ್ಗಮ ಪ್ರದೇಶಗಳಲ್ಲಿ ದೀರ್ಘ ಓಟ ಓಡುವವರ ಮೇಲೆ ಇದನ್ನು ಪರೀಕ್ಷಿಸಿ, ಟೇಪು ಹಚ್ಚಿದ ಜಾಗದಲ್ಲಿ ಗುಳ್ಳೆ ಶೇಕಡಾ 40ರಷ್ಟು ಕಡಿಮೆಯಾದುದನ್ನು 2016ರಲ್ಲಿ ವರದಿ ಮಾಡಿದ್ದಾರೆ. ಟೇಪಿನಲ್ಲಿ ಸುಕ್ಕು ಇರಬಾರದು, ಹಚ್ಚುವಾಗ ಚರ್ಮ ಒಣಗಿರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು, ಪಾದದಲ್ಲಿ ಒಂದು ಕಡೆ ಉರಿ ಅನಿಸಿದೊಡನೆ ನಿಲ್ಲುವುದು. ಗುಳ್ಳೆ ಏಳುವ ಮುನ್ನ ಪಾದ ಕೊಡುವ ಸೂಚನೆ ಅದು. ತಂಡ ಮುಂದೆ ಹೋಗುತ್ತದೆ ಎಂಬ ಸಂಕೋಚಕ್ಕೆ ಸುಮ್ಮನಿರುವವರೇ ಹೆಚ್ಚು. ಐದು ನಿಮಿಷ ನಿಂತು ಬೂಟು ಬಿಚ್ಚಿ, ಮರಳು ಕೊಡವಿ, ಟೇಪು ಹಚ್ಚಿ, ಲೇಸು ಬಿಗಿದರೆ ದಿನ ಉಳಿಯುತ್ತದೆ. ಕುಂಟುತ್ತಾ ಪಾಚಿಗಟ್ಟಿದ ಬಂಡೆಯ ಮೇಲೆ ಇಳಿಯುವವರು ಜಾರುವ ಸಂಭವವೂ ಜಾಸ್ತಿ.

ಗುಳ್ಳೆ ಎದ್ದೇಬಿಟ್ಟರೆ

ಸಣ್ಣದಾಗಿದ್ದು ನೋಯದಿದ್ದರೆ ಒಡೆಯಬಾರದು. ಮೇಲಿನ ಚರ್ಮವೇ ಅದಕ್ಕೆ ಒಳ್ಳೆಯ ಪಟ್ಟಿ. ದೊಡ್ಡದಾಗಿ ಹೆಜ್ಜೆ ಊರಲಾಗದಿದ್ದರೆ ಸಾಬೂನಿನಿಂದ ತೊಳೆದು, ಶುದ್ಧೀಕರಿಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಹೊರಹಾಕಿ, ಚರ್ಮ ಕೀಳದೆ ಶುಭ್ರ ಪಟ್ಟಿ ಕಟ್ಟಬಹುದು. ಸೂಜಿಗೆ ದಾರ ಪೋಣಿಸಿ ಗುಳ್ಳೆಯೊಳಗೆ ಬಿಡುವ ಹಳೆಯ ಪದ್ಧತಿ ನಂಜನ್ನು ಒಳಗೆ ಕರೆದೊಯ್ಯುತ್ತದೆ. ಟೂತ್‌ಪೇಸ್ಟ್, ಸುಣ್ಣ ಹಚ್ಚುವುದೂ ಸಲ್ಲದು. ಮಧುಮೇಹಿಗಳು ಮಾತ್ರ ಮನೆಮದ್ದಿಗೆ ಕೈಹಾಕದೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಸುತ್ತ ಕೆಂಪು ಹರಡಿದರೆ, ಕೀವು ಕಂಡರೆ, ಜ್ವರ ಬಂದರೆ ಯಾರೂ ತಡ ಮಾಡಬಾರದು.

ವಿಹಾರದ ಆಹ್ವಾನದಲ್ಲಿ ಗಾಡಿಯ ಸಮಯ, ಶುಲ್ಕದ ಜೊತೆಗೆ "ಹೊಸ ಬೂಟು ಇಂದೇ ತೊಡಲು ಆರಂಭಿಸಿ" ಎಂಬ ಒಂದು ಸಾಲನ್ನು ಮೂರು ವಾರ ಮೊದಲೇ ಸೇರಿಸುವುದು ಪದಾಧಿಕಾರಿಗಳಿಗೆ ಕಷ್ಟವೇನಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಎರಡು ಸುರುಳಿ ಕಾಗದದ ಟೇಪು ಇರಲಿ. ಸಕ್ಕರೆ ಕಾಯಿಲೆ ಇರುವ ಸದಸ್ಯರ ಪಾದಗಳನ್ನು ಊಟದ ವೇಳೆ ಒಮ್ಮೆ ನೋಡುವ ಹೊಣೆಯನ್ನು ಯಾರಾದರೊಬ್ಬ ಯುವ ಕಾರ್ಯಕರ್ತರಿಗೆ ವಹಿಸಲಿ. ಇಲ್ಲಿನ ಕೋಟೆಗಳಲ್ಲಿ ಪಳಗಿದ ಕಾಲುಗಳಿಗೆ ರಜೆಯಲ್ಲಿ ಊರಿಗೆ ಹೋದಾಗ ಕೊಡಚಾದ್ರಿಯಾಗಲಿ, ಕುಮಾರಪರ್ವತವಾಗಲಿ ದೂರವೆನಿಸದು.