ಕ್ರೈಸ್ತ ರಾಕ್: ಅಬ್ಬರದ ನಾದದಲ್ಲಿ ಭಕ್ತಿ

ಎಲೆಕ್ಟ್ರಿಕ್ ಗಿಟಾರ್ ಮತ್ತು ಡ್ರಮ್‌ಗಳ ಅಬ್ಬರದೊಂದಿಗೆ ಯೇಸುವಿನ ಸಂದೇಶವನ್ನು ಹಾಡುವ ಸಂಗೀತ ಪ್ರಕಾರವೇ ಕ್ರೈಸ್ತ ರಾಕ್. 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಹಿಪ್ಪಿ ಯುವಜನರಲ್ಲಿ ಹಬ್ಬಿದ ಧಾರ್ಮಿಕ ಜಾಗೃತಿಯಾದ ‘ಜೀಸಸ್ ಚಳವಳಿ’ ಇದಕ್ಕೆ ನೆಲೆ ಒದಗಿಸಿತು.

1969ರಲ್ಲಿ ಬಂದ ಲ್ಯಾರಿ ನಾರ್ಮನ್ ಅವರ ‘ಅಪಾನ್ ದಿಸ್ ರಾಕ್’ ಈ ಪ್ರಕಾರದ ಮೊದಮೊದಲ ಆಲ್ಬಮ್‌ಗಳಲ್ಲಿ ಒಂದೆನಿಸಿದರೆ, ಅವರದೇ 1972ರ ‘ಓನ್ಲಿ ವಿಸಿಟಿಂಗ್ ದಿಸ್ ಪ್ಲಾನೆಟ್’ ಮುಂದೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡುವ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿತು.

ಹಳದಿ-ಕಪ್ಪು ಪಟ್ಟೆಯ ಉಡುಪು ತೊಟ್ಟು, ರಾಕ್‌ನ ಅತಿ ಗಡಸು ರೂಪವಾದ ಹೆವಿ ಮೆಟಲ್ ನುಡಿಸುತ್ತಿದ್ದ ‘ಸ್ಟ್ರೈಪರ್’ ತಂಡವು ವೇದಿಕೆಯಿಂದ ಹೊಸ ಒಡಂಬಡಿಕೆಯ ಪ್ರತಿಗಳನ್ನು ಪ್ರೇಕ್ಷಕರತ್ತ ಎಸೆಯುತ್ತಿತ್ತು. 1986ರ ಅದರ ಆಲ್ಬಮ್ ‘ಟು ಹೆಲ್ ವಿತ್ ದ ಡೆವಿಲ್’, 10 ಲಕ್ಷ ಪ್ರತಿಗಳನ್ನು ಸೂಚಿಸುವ ಪ್ಲಾಟಿನಂ ಮನ್ನಣೆ ಪಡೆಯಿತು.

ಭಕ್ತಿಗೆ ಮೆಲುದನಿಯೇ ಒಪ್ಪುತ್ತದೆಂಬ ನಂಬಿಕೆಯನ್ನು ಮುರಿದ ಈ ಆಲ್ಬಮ್‌ಗಳು ಪೂರ್ತಿಯಾಗಿ, ಜೋರಾಗಿ ಕೇಳತಕ್ಕವು.